ಅಪ್‌ಡೇಟ್: ದಾಖಲೆ ಕೇಳುವ ಮೇಲ್ ತಿದ್ದಿ ಬರೆದೆ, ಉತ್ತರ ಬಂತು

ಹಿರಿಯ ಸಹೋದ್ಯೋಗಿಗಳಿಂದ ಬಾಡಿಗೆ ರಸೀದಿ, ಮನೆ ಮಾಲೀಕರ ಪ್ಯಾನ್ ಕೇಳುವ ಮೇಲ್ ಹೇಗೆ ಬರೆಯಲಿ ಎಂದು ಹೋದ ವಾರ ಕೇಳಿದ್ದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸಂಬಳದ ಲೆಕ್ಕ ನೋಡುವವಳು ನಾನು. ಮೊದಲ ಮೇಲ್‌ನಲ್ಲಿ "ದಾಖಲೆಗಳನ್ನು ಕೂಡಲೇ ಸಲ್ಲಿಸತಕ್ಕದ್ದು" ಎಂದು ಬರೆದಿದ್ದೆ. 22 ಜನರಲ್ಲಿ ನಾಲ್ವರಷ್ಟೇ ಉತ್ತರಿಸಿದರು. ಕ್ಯಾಂಟೀನಿನಲ್ಲಿ ಹಿರಿಯರೊಬ್ಬರು "ಏನಮ್ಮಾ, ನೋಟಿಸ್ ಕಳಿಸಿಬಿಟ್ಟೆ?" ಎಂದಾಗ ತುಂಬಾ ಬೇಜಾರಾಯಿತು.

ನೀವು ಹೇಳಿದಂತೆ "ಸಲ್ಲಿಸತಕ್ಕದ್ದು" ತೆಗೆದು "ಕಳುಹಿಸಿಕೊಡಿ" ಎಂದು ಹಾಕಿದೆ. ಬರೀ "ಕಳುಹಿಸಿ" ಅಪ್ಪಣೆಯಂತೆ ಕೇಳುತ್ತದೆ, "ಕೊಡಿ" ಸೇರಿದರೆ ಕೋರಿಕೆಯಾಗುತ್ತದೆ. ಸಾಲುಸಾಲಿಗೂ "ದಯವಿಟ್ಟು" ಬೇಕಾಗಲೇ ಇಲ್ಲ. ವಿಷಯದ ಸಾಲಿನಿಂದ "ತುರ್ತು" ತೆಗೆದು "ಬಾಡಿಗೆ ರಸೀದಿ, 20ನೇ ತಾರೀಖಿನೊಳಗೆ" ಎಂದು ಬರೆದೆ.

ಆದರೆ ನಿಜವಾಗಿ ಕೆಲಸ ಮಾಡಿದ್ದು ಕಾರಣ ತಿಳಿಸಿದ್ದು ಅನಿಸುತ್ತದೆ. ಹೀಗೆ ಬರೆದಿದ್ದೆ:

"ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರ ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ಮೀರಿದ್ದರೆ ಮಾಲೀಕರ ಪ್ಯಾನ್ ಕೂಡ ಬೇಕಾಗುತ್ತದೆ. 20ರೊಳಗೆ ಕಳುಹಿಸಿಕೊಟ್ಟರೆ ಈ ತಿಂಗಳ ಸಂಬಳದಲ್ಲಿ ಹೆಚ್ಚಿಗೆ ತೆರಿಗೆ ಹಿಡಿಯದಂತೆ ನೋಡಿಕೊಳ್ಳುತ್ತೇನೆ. ಏನಾದರೂ ತೊಡಕಿದ್ದರೆ ನನಗೆ ಫೋನ್ ಮಾಡಿ."

ಮೂರು ದಿನದಲ್ಲಿ ಇನ್ನೂ 15 ಜನ ಕಳಿಸಿದರು. ಉಳಿದ ಮೂವರಿಗೆ ಮಾಲೀಕರು ಪ್ಯಾನ್ ಕೊಡುತ್ತಿಲ್ಲವಂತೆ. ಅವರಿಗೆ ಮತ್ತೆ ಮೇಲ್ ಹಾಕದೆ ಎದುರಿಗೇ ಕೂತು ಮಾತಾಡುತ್ತೇನೆ. ಕ್ಯಾಂಟೀನಿನ ಆ ಹಿರಿಯರು ನಿನ್ನೆ ರಸೀದಿಗಳ ಜೆರಾಕ್ಸ್ ಹಿಡಿದು ತಾವೇ ನನ್ನ ಟೇಬಲ್ಲಿಗೆ ಬಂದಿದ್ದರು.