ಎಣಿಕೆ ದಿನ ಒಂದೇ ಕ್ಷೇತ್ರದ ಯೂಟ್ಯೂಬ್ ಲೈವ್: ಟಿವಿ ಲೀಡ್ ಹಾಕೋದಾ, ಚುನಾವಣಾ ಆಯೋಗದ್ದಾ?

ತುಂಗಾತೀರ:
ತಾಲ್ಲೂಕು ಮಟ್ಟದ ಚಾನೆಲ್, ಇರೋದು ಇಬ್ಬರೇ. ಮುಂದಿನ ವಿಧಾನಸಭಾ ಎಣಿಕೆಗೆ ನಮ್ಮ ಕ್ಷೇತ್ರವನ್ನಷ್ಟೇ ಲೈವ್ ಮಾಡಬೇಕು. ಟಿವಿಯಲ್ಲಿ ಒಂದು ಲೀಡ್, ಆಯೋಗದ ಜಾಲತಾಣದಲ್ಲಿ ಇನ್ನೊಂದು. ಯಾವುದು ಸರಿ? ಟಿವಿ ಪರದೆಯನ್ನೇ ಮೂಲೆಯಲ್ಲಿ ತೋರಿಸಬಹುದಾ?

ಹದಿನಾಲ್ಕನೇ ಟೇಬಲ್:
ಎರಡೂ ಸರಿ ಇರಬಹುದು, ಹೊತ್ತು ಬೇರೆ ಅಷ್ಟೇ. ಬೆಳಿಗ್ಗೆ 8ಕ್ಕೆ ಅಂಚೆ ಮತ, 8.30ರಿಂದ ಇವಿಎಂ. ಸಾಮಾನ್ಯವಾಗಿ 14 ಟೇಬಲ್, ಅಂದರೆ ಒಂದು ಸುತ್ತಿಗೆ 14 ಮತಗಟ್ಟೆ. 252 ಮತಗಟ್ಟೆ ಇದ್ದರೆ 18 ಸುತ್ತು. ಯಂತ್ರದ ಫಲಿತಾಂಶ ಕಂಡ ಕೂಡಲೇ ಅಭ್ಯರ್ಥಿಗಳ ಏಜೆಂಟರು ಚೀಟಿಯಲ್ಲಿ ಗೀಚಿಕೊಳ್ಳುತ್ತಾರೆ, ಟಿವಿಗೆ ಓಡೋದು ಆ ಅಂಕಿ. ಆಯೋಗದ್ದು ಸುತ್ತು ಮುಗಿದು, ಲೆಕ್ಕ ತಾಳೆಯಾಗಿ, ಕಂಪ್ಯೂಟರಿಗೆ ಏರಿದ ಮೇಲೆ.

ನೀವು ಆಯೋಗದ್ದೇ ಹಾಕಿ, ಆದರೆ ಪಕ್ಕದಲ್ಲಿ "ಸುತ್ತು 6/18" ಅಂತ ಸದಾ ಇರಲಿ. ಮತಗಟ್ಟೆಗಳು ಕ್ರಮಸಂಖ್ಯೆ ಪ್ರಕಾರ ಬರುತ್ತವೆ. ಮೊದಲ ಐದು ಸುತ್ತು ಬರೀ ಒಂದೇ ಹೋಬಳಿಯದ್ದಾಗಿದ್ದರೆ ಆ ಲೀಡಿಗೆ ಕಿಮ್ಮತ್ತಿಲ್ಲ. ಮತಗಟ್ಟೆ ಪಟ್ಟಿ ಹಿಡಿದು "ಇನ್ನು ಮುಂದೆ ಪೇಟೆ ವಾರ್ಡುಗಳು" ಅಂತ ಹೇಳಿದರೆ ಸಾಕು, 224 ಕ್ಷೇತ್ರ ತೋರಿಸಬೇಕಾದ ಟಿವಿಗೆ ಅದು ಆಗದ ಮಾತು.

"ಗೆಲುವು" ಅನ್ನೋ ಪದ ಘೋಷಣೆಗೆ ಮುಂಚೆ ಬೇಡ. 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿ ಎಣಿಸೋದು ಬಾಕಿ ಇರುತ್ತೆ. 2023ರಲ್ಲಿ ಜಯನಗರ ಮರುಎಣಿಕೆಯಾಗಿ ತೀರ್ಮಾನವಾಗಿದ್ದು 16 ಮತದಲ್ಲಿ!

ಕೇಬಲ್ ಕಟ್:
ಟಿವಿ ಪರದೆ ಬೇಡವೇ ಬೇಡ. ಅದು ಬೇರೆಯವರ ವಿಡಿಯೋಗೆ ಹೊಂದುತ್ತೆ ಅಂತ ಯೂಟ್ಯೂಬಿಗೆ ಗೊತ್ತಾದರೆ ನಿಮ್ಮ ಲೈವ್ ಜಾಗಕ್ಕೆ ಬರೀ ಸ್ತಬ್ಧಚಿತ್ರ ಬರುತ್ತೆ, ಅದೂ ಜನ ಹೆಚ್ಚಿರುವಾಗ. 90 ದಿನದಲ್ಲಿ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಯ್ತು. ಹಿಂದೆ ಟಿವಿ ಓಡುತ್ತಿದ್ದರೆ ಅದರ ದನಿಯೂ ಮೈಕಿಗೆ ಬೀಳುತ್ತೆ, ಮ್ಯೂಟ್ ಮಾಡಿ.

ಲೈವ್ ಕಳಿಸುವ ತಂತ್ರಾಂಶ ಓಬಿಎಸ್‌ನಲ್ಲಿ 720ಪಿ ಸಾಕು, ಕೀಫ್ರೇಮ್ (ಪೂರ್ಣ ಚಿತ್ರ ಕಳಿಸುವ ಅಂತರ) 2 ಸೆಕೆಂಡ್. ಅಪ್‌ಲೋಡ್ ವೇಗ ಬಿಟ್‌ರೇಟಿನ (ಸೆಕೆಂಡಿಗೆ ಕಳಿಸುವ ದತ್ತಾಂಶ) ಎರಡರಷ್ಟಾದರೂ ಇರಲಿ. ಹೊಸ ಚಾನೆಲ್ಲಿಗೆ ಲೈವ್ ತೆರೆಯಲು 24 ಗಂಟೆ ಹಿಡಿಯಬಹುದು, ಹಿಂದಿನ ರಾತ್ರಿ ಒತ್ತಿದರೆ ಕೆಟ್ಟಿರಿ. ಎಣಿಕೆ ಕೊಠಡಿಗೆ ಮೊಬೈಲ್ ಬಿಡಲ್ಲ. ಒಬ್ಬರು ಪಾಸ್ ಮಾಡಿಸಿಕೊಂಡು ಮಾಧ್ಯಮ ಕೇಂದ್ರದಲ್ಲಿ, ಇನ್ನೊಬ್ಬರು ಡೆಸ್ಕಿನಲ್ಲಿ.

ಗುರುವಾರದ ಟಿಆರ್‌ಪಿ:
ಒಂದು ತಕರಾರು. ಸುದ್ದಿ ವಾಹಿನಿಗಳ ವೀಕ್ಷಕರ ಅಳತೆಯಾದ ಟಿಆರ್‌ಪಿಯನ್ನು 2022ರಲ್ಲಿ ಮತ್ತೆ ಶುರು ಮಾಡಿದಾಗ ನಾಲ್ಕು ವಾರದ ಸರಾಸರಿಗೆ ಇಳಿಸಿದರು. ನಿಮಗಾದರೆ ಎಷ್ಟು ಜನ ನೋಡ್ತಿದ್ದಾರೆ ಅನ್ನೋದು ಆ ಕ್ಷಣವೇ ಕಣ್ಣೆದುರು. ಆ ಅಂಕಿ ಕುಸಿದಾಗಲೇ "ಭಾರೀ ತಿರುವು" ಅನ್ನೋ ಥಂಬ್‌ನೇಲ್ ಹುಟ್ಟೋದು. ಡೆಸ್ಕಿನವರು ಆ ಕಿಟಕಿ ಮುಚ್ಚಿಟ್ಟರೆ ಒಳ್ಳೇದು.

ಸಮೀಕ್ಷೆ ಮಾಡೋ ಆಸೆ ಇದ್ದರೆ, ಮತದಾನ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆ ತಡೆಯುವ ಜನಪ್ರತಿನಿಧಿ ಕಾಯ್ದೆಯ 126ಎ ಸೆಕ್ಷನ್ ಯೂಟ್ಯೂಬಿಗೂ ಅನ್ವಯ. 2024ರ ಲೋಕಸಭೆಗೆ ಕರ್ನಾಟಕದ ಮತದಾನ ಮೇ 7ಕ್ಕೇ ಮುಗಿದರೂ ಮತಗಟ್ಟೆ ಸಮೀಕ್ಷೆ ಹೊರಬಿಡಲು ಜೂನ್ 1ರ ಸಂಜೆ 6.30ರವರೆಗೆ ಕಾಯಬೇಕಾಯ್ತು.

ತುಂಗಾತೀರ:
ಮತಗಟ್ಟೆ ಪಟ್ಟಿ ಇವತ್ತೇ ಇಳಿಸಿಕೊಂಡು ಹೋಬಳಿವಾರು ಬಣ್ಣ ಹಚ್ಚುತ್ತೇನೆ.