ಜನವರಿ 26ಕ್ಕೆ "ಧ್ವಜಾರೋಹಣ" ಅನ್ನೋದು ತಪ್ಪಾ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಸಂಘದ ಬ್ಯಾನರ್ ಇವತ್ತು ಸಂಜೆ ಪ್ರಿಂಟಿಗೆ ಹೋಗ್ಬೇಕು. "ಗಣರಾಜ್ಯೋತ್ಸವ, ಧ್ವಜಾರೋಹಣ ಬೆಳಿಗ್ಗೆ 8ಕ್ಕೆ" ಅಂತ ಬರೆಸಿದ್ವಿ, ಕಮಿಟೀಲಿ ಒಬ್ರು ತಡೆದ್ರು. ಆಗಸ್ಟ್ 15ಕ್ಕೆ ಕೆಳಗಿಂದ ಮೇಲಕ್ಕೆ ಏರಿಸ್ತಾರೆ, ಅದು ಆರೋಹಣ, ಜನವರಿ 26ಕ್ಕೆ ಮೇಲೇ ಕಟ್ಟಿರೋದನ್ನ ಬಿಚ್ತಾರೆ, ಅದಕ್ಕೆ ಬೇರೆ ಪದ ಅಂತ ವಾಟ್ಸಾಪ್ ಮೆಸೇಜ್ ತೋರಿಸ್ತಿದಾರೆ. "ಧ್ವಜ ಅನಾವರಣ" ಆಗುತ್ತಾ? ನಂಗೆ ಅನಾವರಣ ಅಂದ್ರೆ ಪ್ರತಿಮೆ, ನಾಮಫಲಕ ನೆನಪಾಗುತ್ತೆ. ಇನ್ನೊಂದು, ಚಕ್ರದಲ್ಲಿ "24 ಗೆರೆ" ಅಂತ ಬರೆದಿದೀವಿ, ಸರಿ ತಾನೆ?

ಉತ್ತರ:
ಎರಡೂ ಬೇಡ. ಧ್ವಜ ಸಂಸ್ಕೃತ, ಆರೋಹಣ ಸಂಸ್ಕೃತ, ಅನಾವರಣವೂ ಅದೇ. "ಬಾವುಟ ಅರಳಿಕೆ" ಅಂತ ಹಾಕಿ. ಅಚ್ಚಗನ್ನಡ ಇರೋವಾಗ ಎರವಲು ಯಾಕೆ.

ಉತ್ತರ:
"ಬಾವುಟ ಅರಳಿಕೆ" ಅಂತ ಯಾವೂರಲ್ಲೂ ಯಾರೂ ಅನ್ನಲ್ಲ. ಬಾವುಟಾನೂ ಅಚ್ಚಗನ್ನಡ ಅಂತ ಹೇಳೋ ಮೊದ್ಲು ಮರಾಠಿಯ ಬಾವಟಾ ಒಂದ್ಸಲ ನೋಡಿ. ಬಾವುಟಕ್ಕೆ ಹಳೇ ಪದವೇ ಬೇಕು ಅಂದ್ರೆ ಹಳಗನ್ನಡದ ಪಳಯಿಗೆ, ಆಮೇಲಿನ ಹಳವಿಗೆ ಹಿಡ್ಕೊಂಡು ಬರ್ಬೇಕು, ಬ್ಯಾನರ್ ಓದಿದವ್ರು ಏನೋ ತಿಂಡಿ ಹೆಸರು ಅನ್ಕೋತಾರೆ. ಇವತ್ತಿಗೂ ಉಸಿರಾಡ್ತಿರೋ ಪದ ಕರಾವಳಿಯ ಕೊಡಿ, ಅಂದ್ರೆ ಬಾವುಟ. ಅಲ್ಲಿ ದೇವಸ್ಥಾನದ ಮುಂದೆ ಕೊಡಿಮರ ಇದೆ, ಕೊಡಿ ಏರಿದ್ರೆ ಜಾತ್ರೆ ಶುರು, ಇಳಿದ್ರೆ ಮುಗೀತು. ಅದೇ ಜಾತ್ರೆಯ ಆಮಂತ್ರಣ ಪತ್ರಿಕೇಲಿ ಧ್ವಜಾರೋಹಣ ಅಂತಾನೂ ಅಚ್ಚಾಗಿರುತ್ತೆ. ಈ ಪದ ರಾಷ್ಟ್ರಧ್ವಜದ ಜೊತೆ 1947ರಲ್ಲಿ ಬಂದದ್ದಲ್ಲ, ಅದಕ್ಕೂ ಮುಂಚಿಂದ ಜಾತ್ರೆಗೆ ಹೋಗೋ ಜನರ ಬಾಯಲ್ಲಿದೆ, ಅದನ್ನ ಹೊರಗಿನದು ಅಂತ ಯಾಕೆ ತಳ್ತೀರಿ?

ಈಗ ಕೇಳಿದವರಿಗೆ. ವಾಟ್ಸಾಪಿನವ್ರು ಹೇಳೋ ಹಾಗೆ ಜನವರಿ 26ಕ್ಕೊಂದು ಆಗಸ್ಟ್ 15ಕ್ಕೊಂದು ಅಂತ ರಾಷ್ಟ್ರಧ್ವಜದ ನಿಯಮಗಳಿರೋ 2002ರ ಧ್ವಜ ಸಂಹಿತೆ ಪದ ಹಂಚಿಲ್ಲ. ಧ್ವಜದೊಳಗೆ ಏನನ್ನೂ ತುಂಬಬಾರದು ಅನ್ನೋ ನಿಯಮಕ್ಕೆ ಅದರಲ್ಲಿ ಒಂದು ವಿನಾಯಿತಿ ಇದೆ, ಬಿಚ್ಚೋ ಮುಂಚೆ ಹೂವಿನ ಎಸಳು ಇಡಬಹುದು ಅಂತ, ಅಲ್ಲಿ ಎರಡೂ ಹಬ್ಬಗಳ ಹೆಸರು ಒಟ್ಟಿಗೇ ಬಂದಿದೆ. ನಮ್ಮ ಶಾಲೆಗಳಲ್ಲಿ ಮಾಡೋದೂ ಅದನ್ನೇ ಅಲ್ವಾ, ಪಿ.ಟಿ. ಮೇಷ್ಟ್ರು ಬಾವುಟ ಮಡಿಸಿ, ಒಳಗೆ ಎಸಳಿಟ್ಟು, ಜಾರುಗಂಟು ಹಾಕಿ ಕಂಬದ ತುದಿಗೆ ಏರಿಸಿಟ್ಟಿರ್ತಾರೆ, ಅತಿಥಿ ಬಂದು ಹಗ್ಗ ಜಗ್ಗಿದ ತಕ್ಷಣ ಅರಳುತ್ತೆ, ಎರಡೂ ದಿನ. ಹಾಗಾಗಿ ಧ್ವಜಾರೋಹಣ ತಪ್ಪಲ್ಲ. ಕಮಿಟಿಯವ್ರು ಒಪ್ಪದಿದ್ರೆ "ಬಾವುಟ ಹಾರಿಸುವುದು" ಅನ್ನಿ, ಏರಿಸಿದ್ರೂ ಬಿಚ್ಚಿದ್ರೂ ಹಾರಲೇಬೇಕು. ಅನಾವರಣ ಪ್ರತಿಮೆಗೇ ಇರ್ಲಿ.

ಗೆರೆ ಅಲ್ಲ, ಅರ, ಅಂದ್ರೆ ಚಕ್ರದ ನಡುವಿಂದ ಅಂಚಿಗೆ ಹೋಗೋ ಕಡ್ಡಿ. ಅದು ಚಕ್ರ, ಚಿತ್ರದ ನೋಟ್‌ಬುಕ್ ಅಲ್ಲ. ಸಾರನಾಥದ ಅಶೋಕನ ಸ್ತಂಭದಿಂದ ಬಂದ ಚಕ್ರ, 24 ಅರ, ಬಣ್ಣ ಕಡುನೀಲಿ, ಬ್ಯಾನರಿನವ್ರು ಕಪ್ಪು ಮಾಡ್ದೆ ಇರೋ ಹಾಗೆ ನೋಡ್ಕೊಳ್ಳಿ. ಬಾವುಟದ ಅಗಲಕ್ಕೂ ಎತ್ತರಕ್ಕೂ 3:2, ಜಾಗ ಇಲ್ಲ ಅಂತ ಎಳೆದು ಉದ್ದ ಮಾಡಿಸ್ಬೇಡಿ.

ಎರವಲಿನ ಬಗ್ಗೆ ಇಷ್ಟು ಕೋಪ ಇರೋರು ಅದನ್ನ ಬಟ್ಟೆ ಕೊಳ್ಳೋವಾಗ ತೋರ್ಸಿ. ಹುಬ್ಬಳ್ಳಿ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ಹೊಲೀತಾರೆ, ಬಟ್ಟೆ, ಬಣ್ಣ, ಅಳತೆ ಎಲ್ಲಾ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಪ್ರಕಾರ, ಹೆಚ್ಚಿನವ್ರು ಹೆಣ್ಣುಮಕ್ಕಳು. 2021ರ ಡಿಸೆಂಬರಲ್ಲಿ ಸಂಹಿತೆ ತಿದ್ದಿ ಮಿಷಿನ್ನಲ್ಲಿ ಮಾಡಿದ ಪಾಲಿಯೆಸ್ಟರಿಗೂ ಅವಕಾಶ ಕೊಟ್ಟ ಮೇಲೆ ಅವರ ಕೆಲಸಕ್ಕೇ ಪೆಟ್ಟು ಬಿತ್ತು. ಆಗ ಇಲ್ಲಿ ಒಬ್ಬರೂ ಸೊಲ್ಲೆತ್ತಲಿಲ್ಲ.

ಕೇಳಿದವರು:
ಥ್ಯಾಂಕ್ಸ್ ಸಾರ್. "ಧ್ವಜಾರೋಹಣ" ಹಾಗೇ ಉಳಿಸಿ, ಗೆರೆ ತೆಗೆದು ಅರ ಹಾಕಿ ಕಳಿಸಿದೆ. ಬೆಂಗೇರಿ ಬಾವುಟ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ ಗೊತ್ತಿದ್ರೆ ತಿಳಿಸಿ, ಸಂಘಕ್ಕೊಂದು ತರಿಸ್ತೀವಿ.