ಸಹಾಯ ಬೇಕು: ಜನವರಿಯ ಮರಳುಗಾಡಿಗೆ ಅಮ್ಮನಿಗೆ ಏನೇನು ಬಟ್ಟೆ ತೆಗೆದುಕೊಂಡು ಹೋಗಲಿ?

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡು ಹತ್ತಿರದ ಬದಿಯಡ್ಕದವರು. ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಜೈಸಲ್ಮೇರ್‌ಗೆ ಹೊರಟಿದ್ದೇವೆ. ಗೈಡ್ ಜೊತೆ ಒಂಟೆ ಸವಾರಿ, ರಾತ್ರಿ ಮರಳುದಿಬ್ಬದಲ್ಲೇ ಮಲಗುವುದು. ಅಮ್ಮನಿಗೆ ಇದು ಬಹಳ ಕಾಲದ ಆಸೆ.

ಕಷ್ಟ ಆಗಿರುವುದು ಬಟ್ಟೆಯ ವಿಷಯದಲ್ಲಿ. ಅಲ್ಲಿ ಹಗಲು 24 ಡಿಗ್ರಿ ಹತ್ತಿರ, ರಾತ್ರಿ 8ರ ಆಸುಪಾಸು. ಬಿಸಿಲು ಹೋದ ಕೂಡಲೇ ಮರಳು ತಣ್ಣಗಾಗುತ್ತದೆ. ನಮ್ಮ ಕಡೆ ಜೋರು ಮಳೆಯಲ್ಲೂ ಅಂಥ ಚಳಿ ಇಲ್ಲ ಅಲ್ವಾ? ಅಮ್ಮನಿಗೆ ಉಬ್ಬಸ ಬೇರೆ. ಡಾಕ್ಟರು ಹೋಗಿಬನ್ನಿ ಅಂದಿದ್ದಾರೆ, ಆದರೂ ನನಗೆ ಭಯ.

ಕಾಸರಗೋಡು, ಮಂಗಳೂರಿನ ಕೆಲವು ಅಂಗಡಿಗಳಲ್ಲಿ ಕೇಳಿದೆ. ರೈನ್‌ಕೋಟ್ ಬೇಕಾದಷ್ಟಿದೆ, ದಪ್ಪ ಸ್ವೆಟರ್ ಸಿಗಲಿಲ್ಲ. ಗೈಡ್‌ಗೆ ಫೋನ್ ಮಾಡಿದರೆ, "ರಜಾಯಿ ನಾವೇ ಕೊಡುತ್ತೇವೆ, ಒಂಟೆ ಮೇಲೆ ಸಣ್ಣ ಬ್ಯಾಗ್ ಮಾತ್ರ" ಎಂದರು. ಹಾಗಾಗಿ ಜಾಸ್ತಿ ಹೊರುವಂತಿಲ್ಲ. ಅಮ್ಮ ಸೀರೆ ಬಿಟ್ಟು ಬೇರೆ ಉಡುವವರಲ್ಲ. ಒಂಟೆ ಮೇಲೆ ಕಾಲು ಎರಡೂ ಕಡೆ ಹಾಕಿ ಕೂರಬೇಕಲ್ಲ!

ಚಳಿಗಾಲದಲ್ಲಿ ಹಿರಿಯರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ: ರಾತ್ರಿಗೆ ಥರ್ಮಲ್ (ಒಳಗೆ ಹಾಕುವ ಬೆಚ್ಚನೆ ಉಡುಪು), ಸ್ವೆಟರ್, ಶಾಲಿನ ಜೊತೆ ಅವರ ರಜಾಯಿ ಸಾಕಾ, ಇಲ್ಲ ಸ್ಲೀಪಿಂಗ್ ಬ್ಯಾಗ್ ಕೊಳ್ಳಲೇಬೇಕಾ? ಒಂಟೆ ಸವಾರಿಗೆ ಸೀರೆಯೊಳಗೆ ಥರ್ಮಲ್ ಪ್ಯಾಂಟ್ ಹಾಕಿದರೆ ನಡೆಯುತ್ತಾ?